ವೀಳ್ಯ ಹಿಡಿದ ಮೇಲೆ

ನಮ್ಮ ಮನೆಯ ಅಟ್ಟದ ಮೇಲೆ ಮೂರು ಗೋಣಿಚೀಲ ಇವೆ. ಅಪ್ಪ ಬಟವಾಡಿಯ ಎಪಿಎಂಸಿ ಯಾರ್ಡಿನಲ್ಲಿ ಹುಣಸೆಹಣ್ಣಿನ ಮಂಡಿಯೊಂದರ ಗುಮಾಸ್ತರಾಗಿದ್ದ ಕಾಲದ ಚೀಲಗಳು. ಇವತ್ತಿಗೂ ಬಾಯಿ ಬಿಚ್ಚಿದರೆ ಹುಳಿ ವಾಸನೆ ಬರುತ್ತದೆ. ಒಳಗಿರುವುದು ಮಾತ್ರ ಹುಣಸೆಯಲ್ಲ, ನನ್ನ ನೆನಪಿನ ಕಾಣಿಕೆಗಳು. ಪ್ಲಾಸ್ಟಿಕ್ ಮಂಟಪದೊಳಗೆ ಕೂತ ಗಣಪತಿ, ಗಾಜಿನ ಪೆಟ್ಟಿಗೆಯ ನಟರಾಜ, ಹಲಗೆಗೆ ಅಂಟಿಸಿದ ತಗಡಿನ ವೀಣೆ. ಏಳನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ ನಾನು ಕುಣಿದದ್ದಕ್ಕೆಲ್ಲ ಸಿಕ್ಕ ಕೂಲಿ ಅದು. (‘ಕುಣಿದದ್ದು’ ಅಂತ ಬರೆದಿದ್ದಕ್ಕೆ ನಮ್ಮ ಭರತನಾಟ್ಯದ ಮಿಸ್ ಬೈಯುತ್ತಾರೆ. ಅವರ ಪ್ರಕಾರ ಬೀದಿಯಲ್ಲಿ ಕುಣಿಯುತ್ತಾರೆ, ವೇದಿಕೆಯಲ್ಲಿ ನರ್ತಿಸುತ್ತಾರೆ. ನಮ್ಮ ತಾತ ಆಡಿದ್ದು, ಕುಣಿದದ್ದು ಎರಡೂ ಬೀದಿಯಲ್ಲೇ. ಹಾಗಾಗಿ ಆ ಪದ ನನಗೇನೂ ಚುಚ್ಚುವುದಿಲ್ಲ.)

ಗಣಪತಿ ಪೆಂಡಾಲು, ನವರಾತ್ರಿ, ರಾಜ್ಯೋತ್ಸವ, ಸಂಘದ ವಾರ್ಷಿಕೋತ್ಸವ, ಯಾರದೋ ಷಷ್ಟ್ಯಬ್ದಿ. ಫೋನಿನಲ್ಲಿ ಬರುತ್ತಿದ್ದ ಮಾತು ಎಲ್ಲ ಕಡೆಯಿಂದಲೂ ಒಂದೇ. “ಮಕ್ಕಳಿಗೆ ಒಂದು ಅವಕಾಶ ಕೊಡೋಣ ಅಂತ ಕಣಮ್ಮ. ಊಟ ಇರುತ್ತೆ. ಶಾಲು ಹೊದಿಸ್ತೀವಿ.” ಅದೇ ಕಾರ್ಯಕ್ರಮದ ಶಾಮಿಯಾನದವರಿಗೆ, ಮೈಕಿನವರಿಗೆ, ಅಡುಗೆಯವರಿಗೆ ಅವಕಾಶ ಕೊಡುತ್ತಿದ್ದೀವಿ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ತುಮಕೂರಿನಲ್ಲೇ ಬಿ.ಕಾಂ. ಮುಗಿಸಿದೆ, ಜೊತೆಗೆ ನೃತ್ಯದ ವಿದ್ವತ್ ಪೂರ್ವ ಪರೀಕ್ಷೆಯೂ ಆಗಿತ್ತು. ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಭರತನಾಟ್ಯದಲ್ಲಿ ಎಂ.ಪಿ.ಎ. (ಪ್ರದರ್ಶಕ ಕಲೆಗಳ ಸ್ನಾತಕೋತ್ತರ ಪದವಿ) ಮಾಡುತ್ತೇನೆ ಅಂದಾಗ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅತ್ತೆಯೊಬ್ಬರು ಮಾತ್ರ, “ಡ್ಯಾನ್ಸಿಗೂ ಎಂ.ಎ. ಥರ ಇರುತ್ತಾ? ಅದರಲ್ಲಿ ಬರೆಯೋದೇನು?” ಅಂತ ಕೇಳಿದರು. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1965ರಲ್ಲೇ ನೃತ್ಯ ವಿಭಾಗ ಶುರುವಾಗಿತ್ತು, ಅರಮನೆಯ ಆಸ್ಥಾನ ವಿದುಷಿಯಾಗಿದ್ದ ಕೆ. ವೆಂಕಟಲಕ್ಷಮ್ಮನವರು ಅಲ್ಲಿ ರೀಡರ್ ಆಗಿ ಕೂತು 1974ರವರೆಗೆ ಪಾಠ ಹೇಳಿದ್ದರು ಅನ್ನುವುದು ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅತ್ತೆಗೆ ಹೇಳಿ ಸ್ವಲ್ಪ ಜಂಭ ಪಡುತ್ತಿದ್ದೆ.

ಬೆಳಗಿನ ರೈಲು. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ದಾಟುವಷ್ಟರಲ್ಲಿ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಬ್ಯಾಗಿನಲ್ಲಿ ಅಭ್ಯಾಸದ ಸೀರೆ, ಟವೆಲಿನಲ್ಲಿ ಬಿಗಿಯಾಗಿ ಸುತ್ತಿದ ಗೆಜ್ಜೆ. ಸುತ್ತದಿದ್ದರೆ ರೈಲು ಕುಲುಕಿದಾಗಲೆಲ್ಲ ಇಡೀ ಬೋಗಿ ತಿರುಗಿ ನೋಡುತ್ತಿತ್ತು. ಯಶವಂತಪುರದಲ್ಲಿ ಇಳಿದು ಬಸ್ಸು. ಎರಡು ವರ್ಷ ಹೀಗೇ.

ಮೊದಲ ಹೊಡೆತ ಬಿದ್ದದ್ದು ಕಾಲಿನ ಮಂಡಿಯ ವಿಷಯದಲ್ಲಿ.

ಹದಿನೈದು ವರ್ಷ ಅರಮಂಡಿ ಕೂತವಳು ನಾನು. ಹಿಮ್ಮಡಿ ಕೂಡಿಸಿ, ಪಾದಗಳನ್ನು ಅತ್ತಿತ್ತ ತಿರುಗಿಸಿ, ಬೆನ್ನು ನೆಟ್ಟಗಿಟ್ಟು ಅರ್ಧ ಕೂರುವುದು. ಭರತನಾಟ್ಯದ ಬಹುಪಾಲು ಅಡವುಗಳು, ಅಂದರೆ ಮೂಲ ಹೆಜ್ಜೆಗಳು, ಶುರುವಾಗುವುದೇ ಅಲ್ಲಿಂದ. ಊರಿನ ಕ್ಲಾಸಿನಲ್ಲಿ ನನ್ನ ಅರಮಂಡಿಯನ್ನು ತೋರಿಸಿ ಸಣ್ಣ ಮಕ್ಕಳಿಗೆ “ನೋಡಿ, ಹೀಗೆ” ಅನ್ನುತ್ತಿದ್ದರು. ಹದಿನೆಂಟಕ್ಕೇ ಬಲಮಂಡಿ ನೋಯುತ್ತಿತ್ತು, ಮೆಟ್ಟಿಲು ಇಳಿಯುವಾಗ ಜಾಸ್ತಿ. ನೋವು ಅಂದರೆ ಸಾಧನೆ ಅಂದುಕೊಂಡಿದ್ದೆ. ಇಲ್ಲಿ ಬಂದ ಎರಡನೇ ವಾರ ಅಧ್ಯಾಪಕಿಯೊಬ್ಬರು ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡುವ ಗುಂಡು ತಂದರು, ದಾರದ ಸಮೇತ. ಒಬ್ಬೊಬ್ಬರನ್ನೇ ಅರಮಂಡಿಯಲ್ಲಿ ಕೂರಿಸಿ ಮಂಡಿಚಿಪ್ಪಿನ ನಡುವೆ ದಾರ ಹಿಡಿದು ಗುಂಡನ್ನು ಇಳಿಬಿಟ್ಟರು. ಅದು ಎರಡನೇ ಬೆರಳಿನ ನೇರಕ್ಕೆ ಬರಬೇಕು. ನನ್ನದು ಹೆಬ್ಬೆರಳನ್ನೂ ದಾಟಿ ಒಳಗೆ ನೇತಾಡುತ್ತಿತ್ತು.

“ಪಾದ ಚೆನ್ನಾಗಿ ತಿರುಗಿಸಿದ್ದೀಯ. ತೊಡೆ ತಿರುಗೇ ಇಲ್ಲ,” ಅಂದರು. ತಿರುಗಬೇಕಾದದ್ದು ಸೊಂಟದ ಕೀಲಿನಲ್ಲಿ. ಅಲ್ಲಿ ಮೂಳೆಯ ತಲೆ ಗುಂಡಗಿರುತ್ತದೆ, ಬಟ್ಟಲಲ್ಲಿ ಕೂತಿರುತ್ತದೆ, ತಿರುಗುತ್ತದೆ. ಮಂಡಿ ಹಾಗಲ್ಲ, ಬಾಗಿಲ ಕೀಲಿನ ಜಾತಿ. ಮಡಚುತ್ತದೆ, ಬಿಚ್ಚುತ್ತದೆ. ಸೊಂಟದಲ್ಲಿ ಸಿಗದ ತಿರುವನ್ನು ಪಾದದಲ್ಲಿ ಎಳೆದು ತಂದರೆ ನಡುವೆ ಸಿಕ್ಕಿಕೊಂಡ ಮಂಡಿ ಹಿಂಡಿಸಿಕೊಳ್ಳುತ್ತದೆ. ಅದರ ಮೇಲೆ ದಿನಕ್ಕೆ ನೂರಾರು ಸಲ ನೆಲಕ್ಕೆ ಬಡಿಯುವ ಪಾದ. ನಮ್ಮೂರಿನ ಕ್ಲಾಸು ಇದ್ದದ್ದು ಎರಡನೇ ಮಹಡಿಯ ಆರ್‌ಸಿಸಿ ಮೇಲೆ ಹಾಸಿದ ಟೈಲ್ಸಿನ ನೆಲದಲ್ಲಿ. ಇಲ್ಲಿ ಮರದ ನೆಲ, ಅದರಡಿ ಟೊಳ್ಳು. ಮೊದಲ ದಿನ ತಟ್ಟಿದಾಗ ಸದ್ದು ಬೇರೆ ಥರ ಬಂತು. ಸದ್ದಲ್ಲ, ಹೊಡೆತವೇ ಬೇರೆ ಅಂತ ತಿಳಿಯಲು ಒಂದು ತಿಂಗಳು ಬೇಕಾಯಿತು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಮತ್ತೆ ತಟ್ಟಡವು, ಎಲ್ಲಕ್ಕೂ ಮೊದಲು ಕಲಿಸುವ ಅಡವು. ತೈ ಯಾ ತೈ. ಏಳು ವರ್ಷದವಳು ಕಲಿತದ್ದನ್ನು ಗೋಡೆಗೆ ಬೆನ್ನು ಕೊಟ್ಟು, ಅರ್ಧಕ್ಕರ್ಧ ಕಡಿಮೆ ಕೂತು, ಮೊದಲಿಂದ. ರಾತ್ರಿ ಮನೆಗೆ ಬಂದು ಅತ್ತಿದ್ದೇನೆ. ನಮ್ಮ ಮಿಸ್ ಮೇಲೆ ಸಿಟ್ಟು ಬಂತಾ ಅಂದರೆ, ಬಂತು. ಆಮೇಲೆ ಇಳಿಯಿತು. ಅವರಿಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಎರಡೂ ಮಂಡಿಗೆ ಈಗ ಬೆಲ್ಟು ಇದೆ.

ಉಳಿದ ಪಾಠಗಳು ನಿರೀಕ್ಷಿಸಿದ ಹಾಗೇ ಇದ್ದವು. ನಾಟ್ಯಶಾಸ್ತ್ರದ ನಾಲ್ಕನೇ ಅಧ್ಯಾಯದ 108 ಕರಣಗಳು (ಕೈ ಕಾಲು ಕೂಡಿದ ಚಲನೆಗಳು), ಅಭಿನಯದರ್ಪಣದ 28 ಅಸಂಯುತ ಹಸ್ತಗಳು (ಒಂದೇ ಕೈಯ ಮುದ್ರೆಗಳು), ತಂಜಾವೂರು ಸಹೋದರರು ಕಟ್ಟಿಕೊಟ್ಟ ಮಾರ್ಗ, ಅಂದರೆ ಕಾರ್ಯಕ್ರಮದಲ್ಲಿ ಯಾವುದರ ನಂತರ ಯಾವುದು ಅನ್ನುವ ಕ್ರಮ, ಆ ನಾಲ್ವರಲ್ಲಿ ಚಿನ್ನಯ್ಯ ಮುಮ್ಮಡಿಯವರ ಕಾಲಕ್ಕೆ ಮೈಸೂರಿಗೆ ಬಂದದ್ದು. ವಿದ್ವತ್ ಪರೀಕ್ಷೆಗೆ ಓದಿದವರಿಗೆ ಇದರಲ್ಲಿ ಅರ್ಧ ಗೊತ್ತಿರುತ್ತದೆ. ಗೊತ್ತಿಲ್ಲದೆ ಇದ್ದದ್ದು ಮೂರನೇ ಸೆಮಿಸ್ಟರಿನ ‘ಪ್ರೊಫೆಷನಲ್ ಪ್ರಾಕ್ಟೀಸ್’ ಅನ್ನುವ ಪತ್ರಿಕೆ. ಕನ್ನಡದಲ್ಲಿ ಅದಕ್ಕೆ ‘ವೃತ್ತಿಪರ ಅಭ್ಯಾಸ’ ಅಂತ ಅಚ್ಚಾಗಿತ್ತು. ಹಾಗಂದರೆ ಏನು ಅಂತ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಇನ್ನೊಂದಷ್ಟು ಅಡವು ಅಭ್ಯಾಸ ಮಾಡಿಸುತ್ತಾರೆ ಅಂದುಕೊಂಡು ಸೀರೆ ಉಟ್ಟು ಹೋಗಿದ್ದೆವು.

ಆ ಮೇಷ್ಟರು ನೃತ್ಯದವರಲ್ಲ, ನಾಟಕದ ಲೈಟಿಂಗ್ ಮಾಡಿಕೊಂಡಿದ್ದವರು. ಒಳಗೆ ಬಂದವರೇ ಒಂದೊಂದು ಹಾಳೆ ಕೊಟ್ಟು, “ಒಂದೂವರೆ ಗಂಟೆಯ ಏಕವ್ಯಕ್ತಿ ಕಾರ್ಯಕ್ರಮ. ಖರ್ಚಿನ ಪಟ್ಟಿ ಬರೀರಿ,” ಅಂದರು. ಬಿ.ಕಾಂ. ಓದಿದವಳು, ನನಗೆ ಖುಷಿ. ಸಭಾಂಗಣದ ಬಾಡಿಗೆ, ನಟ್ಟುವಾಂಗ (ತಾಳ ಹಿಡಿದು ನೃತ್ಯ ನಡೆಸುವುದು), ಹಾಡುಗಾರಿಕೆ, ಮೃದಂಗ, ಕೊಳಲು, ಮೇಕಪ್ಪಿನವರು, ಲೈಟು, ಮೈಕು, ವ್ಯಾನು, ಆಮಂತ್ರಣ ಪತ್ರಿಕೆ, ಕಾಫಿ ತಿಂಡಿ. ಹೂವಿಗೆ 600 ರೂಪಾಯಿ ಅಂತಲೂ ಬರೆದೆ. ಕೂಡಿ, ಕೆಳಗೆ ಎರಡು ಗೆರೆ ಎಳೆದು ಕೊಟ್ಟೆ.

ಒಂಬತ್ತು ಹಾಳೆಗಳನ್ನೂ ನೋಡಿ ಮೇಷ್ಟರು ಕೇಳಿದರು, “ಎಲ್ಲರೂ ಬಂದಿದ್ದಾರೆ. ಸ್ಟೇಜ್ ಮೇಲೆ ಯಾರಿದ್ದಾರೆ?”

ಒಂಬತ್ತು ಜನರಲ್ಲಿ ಒಬ್ಬರೂ ತಮ್ಮ ಹೆಸರು ಬರೆದಿರಲಿಲ್ಲ. ಹೂವು ಮಾರುವವಳಿಗೆ ಇದ್ದ ಸಾಲು ನರ್ತಕಿಗೆ ಇರಲಿಲ್ಲ. ನಾವೇನೂ ತ್ಯಾಗ ಮಾಡಿ ಬಿಟ್ಟದ್ದಲ್ಲ, ಹೊಳೆದೇ ಇರಲಿಲ್ಲ.

ಆ ಸೆಮಿಸ್ಟರಿನಲ್ಲಿ ಕಲಿತದ್ದನ್ನೆಲ್ಲ ಹೇಳುವುದಿಲ್ಲ, ಕೆಲವು ಬೇಸರದ ವಿಷಯಗಳು. ನೃತ್ಯ ಸಂಯೋಜನೆಯನ್ನು 1957ರ ಕೃತಿಸ್ವಾಮ್ಯ ಕಾಯ್ದೆ ನಾಟಕ ಕೃತಿಯ ಜೊತೆಯಲ್ಲೇ ಎಣಿಸುತ್ತದೆ, ಆದರೆ ಅದು ಬರವಣಿಗೆಯಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು ಅನ್ನುವುದು ಅಲ್ಲಿ ತಿಳಿಯಿತು. ಅದಕ್ಕೇ ಜತಿಗಳನ್ನು, ಅಂದರೆ ತಾಳದ ಸೊಲ್ಲುಗಳನ್ನು, ಅಂಗಾಂಗಗಳ ಚಲನೆಯ ಸಮೇತ ಬರೆದಿಡುವ ಅಭ್ಯಾಸ ಮಾಡಿಸಿದರು. ಹದಿನೆಂಟರಿಂದ ಇಪ್ಪತ್ತೈದು ವರ್ಷದ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ ಅಂತಲೂ ತಿಳಿಯಿತು. ಆ ಅರ್ಜಿಯ ಹಾಳೆಯನ್ನು ನಾನು ಪುಸ್ತಕದೊಳಗೆ ಇಟ್ಟು ಮರೆತೆ. ಸಿಕ್ಕಾಗ ನನಗೆ ಇಪ್ಪತ್ತಾರು.

ಮೇಷ್ಟರು ‘ಕಾಂಟ್ರ್ಯಾಕ್ಟ್’ ಅಂತ ಬೋರ್ಡಿನ ಮೇಲೆ ಬರೆದ ದಿನ ನನಗೆ ತಾತ ನೆನಪಾದರು.

ತಾತ ತುರುವೇಕೆರೆ ತಾಲ್ಲೂಕಿನ ಹಳ್ಳಿಯವರು, ಮೂಡಲಪಾಯ ಯಕ್ಷಗಾನದ ಭಾಗವತರು. ಕರಾವಳಿಯ ಯಕ್ಷಗಾನ ನೋಡಿದವರಿಗೆ ನಮ್ಮ ಕಡೆಯದು ಇನ್ನೊಂದೇ ಲೋಕ. ಮರದ ಭುಜಕೀರ್ತಿ, ಮರದ ಕಿರೀಟ, ಮುಖವೀಣೆ, ಮದ್ದಳೆ, ನಡುವೆ ನಗಿಸಲು ಹನುಮನಾಯಕ. ಕುಣಿಯುವವರು ಊರಿನ ರೈತರೇ. ಅವರಿಗೆ ಕಲಿಸಲು ಭಾಗವತರನ್ನು ಬೇರೆ ಊರಿಂದ ಕರೆಸುತ್ತಿದ್ದರು. ಕರೆಯಲು ಬಂದವರು ಚಾವಡಿಯಲ್ಲಿ ಕೂತು ತಟ್ಟೆಯಲ್ಲಿ ವೀಳ್ಯ ಇಡುತ್ತಿದ್ದರು, ಎಲೆ, ಅಡಿಕೆ, ಮೇಲೆ ಒಂದಿಷ್ಟು ದುಡ್ಡು. ಅಲ್ಲೇ ಎಲ್ಲ ಮಾತು. ಯಾವ ಪ್ರಸಂಗ, ಎಷ್ಟು ತಿಂಗಳು ಕಲಿಸಬೇಕು, ಯಾರ ಮನೆಯಲ್ಲಿ ಊಟ, ಆಟದ ದಿನ ಕೊಡುವುದೆಷ್ಟು, ಮುಖವೀಣೆಯವನಿಗೆ ಯಾರು ಕೊಡುತ್ತಾರೆ, ಮಳೆ ಬಂದು ಆಟ ನಿಂತರೆ ಏನು. ಎಲ್ಲ ಒಪ್ಪಿದ ಮೇಲೆ ತಾತ ಎಲೆಗೆ ಕೈ ಹಾಕುತ್ತಿದ್ದರು. ವೀಳ್ಯ ಹಿಡಿದ ಮೇಲೆ ಮುಗೀತು, ಇವರೂ ಹಿಂದೆ ಹೋಗುವಂತಿಲ್ಲ, ಅವರೂ ಹೋಗುವಂತಿಲ್ಲ.

ಒಮ್ಮೆ ಬಂದವರೊಬ್ಬರು ದುಡ್ಡಿನ ಮಾತಿಗೆ, “ಭಾಗವತರೇ, ದೇವರ ಕೆಲಸ ಅಲ್ವಾ” ಅಂದರಂತೆ. ತಾತ, “ದೇವರ ಕೆಲಸ ಸರಿ. ದೇವರಿಗೆ ಗುಡಿ ಕಟ್ಟಿದ ಗಾರೆಯವನಿಗೂ ಹಂಗೇ ಅಂದ್ರಾ?” ಅಂದರಂತೆ. ಇದನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ.

ಅಂದರೆ ಎರಡು ತಲೆಮಾರಿನ ಹಿಂದೆ ನಮ್ಮ ಮನೆಯಲ್ಲೇ ಇದ್ದ ವಿದ್ಯೆಯನ್ನು ನಾನು ಪರೀಕ್ಷಾ ಶುಲ್ಕ ಕಟ್ಟಿ ಇಂಗ್ಲಿಷ್ ಹೆಸರಿನಲ್ಲಿ ಕಲಿಯುತ್ತಿದ್ದೆ. ನಡುವೆ ಅದು ಎಲ್ಲಿ ಕಳೆದುಹೋಯಿತು?

ನನಗೆ ತೋಚಿದ್ದು ಇಷ್ಟು. ಭರತನಾಟ್ಯ ಯಾವತ್ತೂ ಪುಕ್ಕಟೆಯ ಕಲೆಯಾಗಿರಲಿಲ್ಲ. ಗುಡಿಯ, ಆಸ್ಥಾನದ ನರ್ತಕಿಯರಿಗೆ ಅದು ಜೀವನೋಪಾಯ. ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ವೆಂಕಟಲಕ್ಷಮ್ಮನವರೂ ಮೈಸೂರು ಅರಮನೆಯ ಕಲಾವಿದೆಯರು. 1939ರಲ್ಲಿ ನಾಲ್ವಡಿಯವರು ವೆಂಕಟಲಕ್ಷಮ್ಮನವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ನೇಮಕ ಅನ್ನುವ ಪದವನ್ನು ಗಮನಿಸಿ, ಅದು ಉದ್ಯೋಗದ ಪದ. ಅದೇ ಕಾಲಕ್ಕೆ ಮದರಾಸಿನ ಕಡೆ, 1936ರಲ್ಲಿ ರುಕ್ಮಿಣಿದೇವಿಯವರು ಕಲಾಕ್ಷೇತ್ರ ಕಟ್ಟಿದ ಮೇಲಂತೂ, ಈ ನೃತ್ಯ ಮೇಲುಜಾತಿಯ, ಅನುಕೂಲಸ್ಥರ ಮನೆಗಳ ಹೆಣ್ಣುಮಕ್ಕಳಿಗೆ ಒಗ್ಗಿತು. ದುಡ್ಡು ತೆಗೆದುಕೊಂಡು ಕುಣಿಯುವವರು ‘ಅಂಥವರು’, ನಮ್ಮ ಮಕ್ಕಳು ಸೇವೆಗಾಗಿ, ಸಂಸ್ಕಾರಕ್ಕಾಗಿ ಕಲಿಯುವವರು. ಮರ್ಯಾದೆ ಬಂತು, ಅದರ ಬೆನ್ನಿಗೇ ಸಂಭಾವನೆಯ ಮಾತು ಬಾಯಿಂದ ಹೋಯಿತು. ಹುಣಸೆ ಮಂಡಿಯ ಗುಮಾಸ್ತನ ಮಗಳಿಗೂ ಆ ನಾಚಿಕೆ ಅಂಟಿದ್ದೇ ನನಗೆ ಸೋಜಿಗ. ನಮಗೆ ಆ ಅನುಕೂಲ ಇರಲಿಲ್ಲವಲ್ಲ. ರಂಗಪ್ರವೇಶಕ್ಕೆ ಅಮ್ಮ ಎರಡು ಬಳೆ ಅಡವಿಟ್ಟಿದ್ದರು.

ಎಂ.ಪಿ.ಎ. ಮುಗಿದ ವರ್ಷವೇ ಮೊದಲ ಬಿಲ್ಲು ಬರೆಯುವ ಸಂದರ್ಭ ಬಂತು. ತುಮಕೂರಿನದೇ ಒಂದು ಸಂಸ್ಥೆಯ ವಾರ್ಷಿಕೋತ್ಸವ, ಐದು ಜನ, ನಲವತ್ತು ನಿಮಿಷ. ಅವರೇ “ಬಿಲ್ ಕಳಿಸಿ ಮೇಡಂ” ಅಂದಾಗ ಗಂಟಲು ಒಣಗಿತು. ಅಡುಗೆಮನೆಯಲ್ಲಿ ಅಪ್ಪ, ನಾನು, ನಡುವೆ ಲೆಟರ್‌ಹೆಡ್ಡು. ಅಪ್ಪ ಕನ್ನಡಕ ಹಾಕಿಕೊಂಡರು. ಮಂಡಿಯ ಬಿಲ್ಲಿನಲ್ಲಿ ಹೆಸರು, ಚೀಲ, ತೂಕ, ದರ, ಹಮಾಲಿ, ಕಮಿಷನ್ ಅಂತ ಕಾಲಂ ಇರುತ್ತವೆ. ಅವರ ಕೈ ತಾನಾಗೇ ಆ ಗೆರೆಗಳನ್ನೇ ಎಳೆಯಿತು.

“ದರ ಯಾವುದರ ಮೇಲವ್ವ? ತಲೆಗಾ, ನಿಮಿಷಕ್ಕಾ?”

“ಒಟ್ಟು ಅಪ್ಪ.”

“ಒಟ್ಟು ಅಂದ್ರೆ ಏನು, ಕಣ್ಣಳತೆಯಾ? ಬಿಡಿಸಿ ಹೇಳು.”

ಬಿಡಿಸಿ ಹೇಳಿದೆ. ಹದಿನಾಲ್ಕು ದಿನ ರಿಹರ್ಸಲ್ಲು, ದಿನಕ್ಕೆ ಎರಡು ಗಂಟೆ, ಸಂಯೋಜನೆಗೆ ನನ್ನದೇ ಒಂದು ತಿಂಗಳು, ಇಸ್ತ್ರಿ, ಆಟೋ. ಕೊನೆಗೆ 8,000 ಹಾಕೋಣ ಅಂದೆ. ಅಪ್ಪ ಪೆನ್ನು ಕೆಳಗಿಟ್ಟರು. “ಬೀಜ ಇರೋ ಹುಣಸೆಗೆ ಒಂದು ರೇಟು, ಬೀಜ ತೆಗೆದಿದ್ದಕ್ಕೆ ಒಂದು ರೇಟು. ನೀನು ಕೂತು ಬೀಜ, ನಾರು ಎಲ್ಲ ತೆಗೆದು ಕೊಡ್ತಿದೀಯ. ಬೀಜ ಇರೋ ರೇಟು ಯಾಕೆ ಹಾಕ್ತೀಯ?” 18,000 ಅಂತ ಬರೆದರು. ಜಿಎಸ್‌ಟಿ ಹಾಕಬೇಕಾ ಅಂತ ಕೇಳಿದರು. ಶಾಸ್ತ್ರೀಯ ಇಲ್ಲವೇ ಜಾನಪದ ಪ್ರಕಾರದಲ್ಲಿ ಕಲಾವಿದರು ಕೊಡುವ ಪ್ರದರ್ಶನಕ್ಕೆ, ಸಂಭಾವನೆ ಒಂದೂವರೆ ಲಕ್ಷ ದಾಟದಿದ್ದರೆ, ಜಿಎಸ್‌ಟಿ ಇಲ್ಲ ಅಂತ ಮೇಷ್ಟರು ಹೇಳಿದ್ದನ್ನು ಒಪ್ಪಿಸಿದೆ. ಅಪ್ಪನಿಗೆ ಮಗಳ ಎಂ.ಪಿ.ಎ. ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲೇ ಅಂತ ನನ್ನ ಗುಮಾನಿ.

ದುಡ್ಡು ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ನಾನು ಆ ಸಂಸ್ಥೆಯವರನ್ನು, ತುಮಕೂರನ್ನು, ಇಡೀ ಕಲಾಪ್ರಪಂಚವನ್ನು ಬೈದುಕೊಂಡು ಓಡಾಡಿದೆ. ಗೆಳತಿಯರ ಮುಂದೆ ಭಾಷಣ ಮಾಡಿದೆ. ಕೊನೆಗೆ ಅವರ ಲೆಕ್ಕಿಗರೇ ಫೋನ್ ಮಾಡಿದರು, “ಮೇಡಂ, ನಿಮ್ಮ ಅಕೌಂಟಿಗೆ ಮೂರು ಸಲ ಹಾಕಿದೀವಿ, ಮೂರು ಸಲವೂ ವಾಪಸ್ ಬಂತು.” ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತದಲ್ಲಿ ಐದನೆಯದು ಯಾವಾಗಲೂ ಸೊನ್ನೆ. ನಾನು ಇಂಗ್ಲಿಷಿನ ಓ ಅಕ್ಷರ ಬರೆದಿದ್ದೆ. ಅಪ್ಪ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟಲ್ಲ, ನಗು ತಡೆಯಲು ಅಂತ ಅಮ್ಮ ಹೇಳಿದರು.

ಈಗ ಶೆಟ್ಟಿಹಳ್ಳಿ ಕಡೆ ನನ್ನದೇ ಕ್ಲಾಸು ಇದೆ. ಮರದ ನೆಲ ಹಾಕಿಸುವಷ್ಟು ಇನ್ನೂ ಆಗಿಲ್ಲ. ದಪ್ಪನೆಯ ಪ್ಲೈವುಡ್ ಹಲಗೆಗಳ ಕೆಳಗೆ ರಬ್ಬರ್ ಪಟ್ಟಿ ಕೊಟ್ಟು ಜೋಡಿಸಿದ್ದೇವೆ. ಮಕ್ಕಳು ಅದನ್ನು ‘ಡಬ್ಬ ನೆಲ’ ಅನ್ನುತ್ತಾರೆ. ಗಾರೆಯವರ ಗುಂಡು ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಕಾರ್ಯಕ್ರಮಕ್ಕೆ ಕರೆದವರಿಗೆ ಒಂದು ಪುಟದ ಕಾಗದ ಕಳಿಸುತ್ತೇನೆ. ವೇದಿಕೆ ಎಷ್ಟು ಅಡಿ, ಹಾಸು ಏನು, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯಾ, ಮಕ್ಕಳನ್ನು ಎಷ್ಟು ಹೊತ್ತಿಗೆ ಬಿಡುತ್ತೀರಿ, ಎಷ್ಟು ಕೊಡುತ್ತೀರಿ. ಅದನ್ನು ನೋಡಿದ ಮೇಲೆ ಅರ್ಧ ಜನ ಮತ್ತೆ ಫೋನ್ ಮಾಡುವುದಿಲ್ಲ. ಉಳಿದರ್ಧದಲ್ಲಿ ಕೆಲವರು “ಇವರಿಗೆ ಸ್ವಲ್ಪ ಜಾಸ್ತಿ ಆಯ್ತು” ಅಂತ ಊರಲ್ಲಿ ಹೇಳಿಕೊಂಡು ಬಂದಿದ್ದಾರೆ. ಇರಲಿ.

ಎಲ್ಲ ಕಡೆ ಹೀಗೇ ಖಡಕ್ಕಾಗಿ ಇದ್ದೇನೆ ಅಂದರೆ ಸುಳ್ಳಾಗುತ್ತದೆ. ತಾತನ ಊರಿನ ಹಬ್ಬಕ್ಕೆ ವರ್ಷಕ್ಕೊಮ್ಮೆ ದುಡ್ಡಿಲ್ಲದೆ ಹೋಗುತ್ತೇನೆ. ತಾತನೂ ಅಲ್ಲಿ ಹರಕೆಯ ಆಟಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅಲ್ಲೂ ಮೊದಲು ವೀಳ್ಯ ಇಡಬೇಕಿತ್ತು. ಕ್ಲಾಸಿನಲ್ಲೂ ಮೂವರು ಮಕ್ಕಳಿಗೆ ಫೀಸು ಇಲ್ಲ. ಯಾರು ಅಂತ ಉಳಿದವರಿಗೆ ಗೊತ್ತಿಲ್ಲ. ಆ ಮೂವರ ಫೀಸನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಅಂತ ‘ವೃತ್ತಿಪರ ಅಭ್ಯಾಸ’ದ ಪತ್ರಿಕೆಯಲ್ಲಿ ಕಲಿಸಿರಲಿಲ್ಲ, ಅಪ್ಪನ ಮಂಡಿ ಬಿಲ್ಲಿನಲ್ಲೂ ಅದಕ್ಕೆ ಕಾಲಂ ಇಲ್ಲ.

ಕಳೆದ ಭಾನುವಾರ ದೊಡ್ಡ ಮಕ್ಕಳಿಗೆ ಹಾಳೆ ಕೊಟ್ಟೆ. ಒಂದೂವರೆ ಗಂಟೆಯ ಕಾರ್ಯಕ್ರಮ, ಖರ್ಚಿನ ಪಟ್ಟಿ ಬರೀರಿ. ಅದೇ ಪಾಠ. ಹತ್ತು ನಿಮಿಷ ಗದ್ದಲ, ಮೇಕಪ್ಪಿನವರಿಗೆ ಎಷ್ಟು ಅಂತ ಜಗಳ. ಆರು ಹಾಳೆಗಳಲ್ಲಿ ಐದರಲ್ಲಿ ನಾನು ಕಾಯುತ್ತಿದ್ದ ಸಾಲು ಇರಲಿಲ್ಲ. ಆರನೆಯದು ಪಿಯುಸಿ ಓದುವ ಹುಡುಗಿಯದು, ಕ್ಯಾತ್ಸಂದ್ರದಿಂದ ಬರುತ್ತಾಳೆ, ಮಾತು ಕಡಿಮೆ. ಕಾಫಿ ತಿಂಡಿಗೂ ಕೆಳಗೆ, ಕೊನೆಯಲ್ಲಿ, ಪೆನ್ಸಿಲ್ಲಿನಲ್ಲಿ ‘ಡ್ಯಾನ್ಸರ್’ ಅಂತ ಬರೆದಿದ್ದಳು. ಮುಂದೆ 2,000 ಅಂತ ಇದ್ದದ್ದನ್ನು ಅಳಿಸಿ 500 ಮಾಡಿದ್ದಳು. ಅದನ್ನೂ ಅಳಿಸಿದ್ದಳು, ರಬ್ಬರಿನಿಂದ ಉಜ್ಜಿ ಉಜ್ಜಿ ಅಲ್ಲಿ ಹಾಳೆ ತೆಳ್ಳಗಾಗಿತ್ತು. ಪಕ್ಕದಲ್ಲಿ ಸಣ್ಣದಾಗಿ ಬರೆದಿತ್ತು: ‘ಅಮ್ಮನ್ನ ಕೇಳಿ ಹೇಳ್ತೀನಿ ಮಿಸ್.’